ಕಾನೂನು ಮಾಡುವ ಸದನದಲ್ಲಿ ನಮ್ಮ ಪಾಲು

(ಕೊಣ್ಣೂರಿನಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ವರದಕ್ಷಿಣೆಯ ಬಗ್ಗೆ, ಮನೆಯೊಳಗಿನ ಹೊಡೆತ ಬಡಿತದ ಬಗ್ಗೆ ಮಾತಾಡಲು ಸೇರುವ ನಾವು ಇವತ್ತು ವಿಧಾನಸಭೆಯ ವಿಷಯ ಯಾಕೆ ಎತ್ತಿಕೊಂಡೆವು ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಅದು ದೊಡ್ಡವರ ವ್ಯವಹಾರ, ದುಡ್ಡಿದ್ದವರ ಆಟ, ನಮಗೂ ಅದಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಸಂಬಂಧ ಬಹಳ ಇದೆ. ಅದನ್ನು ಹೊಲದ ಪಾಲಿನಿಂದಲೇ ಶುರುಮಾಡಿ ಹೇಳುತ್ತೇನೆ.

ವರದಕ್ಷಿಣೆಗೆ ನಮ್ಮ ಕಡೆ ಹುಂಡಾ ಎನ್ನುತ್ತೇವೆ. ಹುಂಡಾ ಕೊಡುವ ತಂದೆಯನ್ನು ಕೇಳಿ ನೋಡಿ. "ಮಗಳಿಗೆ ಹೊಲದಾಗ ಪಾಲು ಕೊಡೂದಿಲ್ಲಲ್ಲ, ಅದಕ್ಕ ಬಂಗಾರ ಹಾಕಿ ಕಳಸ್ತೀನಿ" ಎನ್ನುತ್ತಾನೆ. ಆ ಬಂಗಾರ ಮಗಳ ಕೈಯಲ್ಲಿ ಉಳಿಯುವುದಿಲ್ಲ. ಅತ್ತೆಯ ಪೆಟ್ಟಿಗೆಗೆ ಹೋಗುತ್ತದೆ, ಗಂಡನ ಸಾಲಕ್ಕೆ ಅಡವಾಗುತ್ತದೆ. ಹೊಲ ಅಣ್ಣತಮ್ಮಂದಿರ ಉತಾರದಲ್ಲಿ ಇರುತ್ತದೆ. ಹೀಗೆ ತವರಿನಲ್ಲಿಯೂ ನೆಲ ಇಲ್ಲದೆ, ಗಂಡನ ಮನೆಯಲ್ಲಿಯೂ ನೆಲ ಇಲ್ಲದೆ ನಿಂತ ಹೆಣ್ಣುಮಗಳು ಹೊಡೆತ ತಿಂದರೂ ಎಲ್ಲಿಗೆ ಹೋಗಬೇಕು? ಅವಳು ಸಹಿಸಿಕೊಳ್ಳುವುದು ಅವಳ ಸ್ವಭಾವದಿಂದ ಅಲ್ಲ, ಹೋಗಲು ಜಾಗ ಇಲ್ಲದ್ದರಿಂದ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ತಂದೆಯ ಸ್ವಂತ ಗಳಿಕೆಯಲ್ಲಿ ಮಗಳಿಗೂ ಪಾಲು ಕೊಟ್ಟಿತು. ಆದರೆ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಹಕ್ಕನ್ನು ಗಂಡುಮಕ್ಕಳಿಗೇ ಬಿಟ್ಟಿತು. ನಮ್ಮಂಥ ಒಕ್ಕಲುತನದ ಊರಿನಲ್ಲಿ ಬಹುಪಾಲು ಆಸ್ತಿ ಪಿತ್ರಾರ್ಜಿತವೇ ಅಲ್ಲವೇ? (ಮುಸ್ಲಿಂ ಸೋದರಿಯರಿಗೆ ಅವರ ವೈಯಕ್ತಿಕ ಕಾನೂನಿನಲ್ಲಿ ಪಾಲಿನ ಲೆಕ್ಕ ಬೇರೆ ಇದೆ. ಕಾಗದದ ಮೇಲಿನ ಪಾಲು ಕೈಗೆ ಬಾರದ ದುಃಖ ಮಾತ್ರ ಎಲ್ಲರದೂ ಒಂದೇ.) ಈ ಅನ್ಯಾಯವನ್ನು ಮೊದಲು ತಿದ್ದಿದ್ದು ದಿಲ್ಲಿಯ ಸಂಸತ್ತಲ್ಲ, ರಾಜ್ಯಗಳ ವಿಧಾನಸಭೆಗಳು. 1986ರಲ್ಲಿ ಆಂಧ್ರಪ್ರದೇಶ ಕಾನೂನು ಮಾಡಿ ಮಗಳನ್ನೂ ಮಗನಂತೆ ಸಹಪಾಲುದಾರಳನ್ನಾಗಿ ಮಾಡಿತು. ಮಗಳನ್ನು ಆಸ್ತಿಯಿಂದ ಹೊರಗಿಟ್ಟಿದ್ದೇ ವರದಕ್ಷಿಣೆಯ ಪಿಡುಗಿಗೆ ಕಾರಣವಾಯಿತು ಎಂದು ಆ ಕಾಯ್ದೆಯ ಪೀಠಿಕೆಯಲ್ಲೇ ಒಪ್ಪಿಕೊಳ್ಳಲಾಗಿದೆ. ನಮ್ಮ ಕರ್ನಾಟಕದ ತಿದ್ದುಪಡಿ ಕಾಯ್ದೆಯ ಹೆಸರಿನಲ್ಲಿ 1990 ಎಂದಿದ್ದರೂ ಅದು ಜಾರಿಗೆ ಬಂದದ್ದು 1994ರ ಜುಲೈ 30ರಂದು. ಇಡೀ ದೇಶಕ್ಕೆ ಅನ್ವಯಿಸುವಂತೆ ಸಂಸತ್ತು ಇದೇ ಹಕ್ಕು ಕೊಟ್ಟದ್ದು 2005ರಲ್ಲಿ. ಅಂದರೆ ಬೆಂಗಳೂರಿನ ಸದನ ದಿಲ್ಲಿಗಿಂತ 11 ವರ್ಷ ಮುಂದಿತ್ತು.

ಆದರೆ ಆ ಕಾಯ್ದೆಯಲ್ಲಿ ಒಂದು ಸಾಲಿತ್ತು. ಕಾಯ್ದೆ ಜಾರಿಗೆ ಬರುವ ಮೊದಲೇ ಮದುವೆಯಾದ ಮಗಳಿಗೆ ಈ ಹಕ್ಕು ಇಲ್ಲ ಎನ್ನುವ ಸಾಲು. ಒಂದೇ ಮನೆಯ ಇಬ್ಬರು ಅಕ್ಕತಂಗಿಯರನ್ನು ಕಣ್ಣಮುಂದೆ ತಂದುಕೊಳ್ಳಿ. ಅಕ್ಕನ ಲಗ್ನ 1994ರ ಮೇ ತಿಂಗಳಲ್ಲಿ ಆಯಿತು, ಅವಳಿಗೆ ಪಾಲಿಲ್ಲ. ತಂಗಿಯ ಲಗ್ನ ಮರುವರ್ಷ ಆಯಿತು, ಅವಳಿಗೆ ಪಾಲಿದೆ. ಇಬ್ಬರೂ ಅದೇ ಹೊಲದಲ್ಲಿ ಕಳೆ ತೆಗೆದವರು. 2005ರ ಕಾನೂನು ಬಂದ ಮೇಲೆ ಈ ಭೇದ ಹೋಯಿತು. 2020ರಲ್ಲಿ ಸುಪ್ರೀಂ ಕೋರ್ಟು ಮಗಳ ಹಕ್ಕು ಹುಟ್ಟಿನಿಂದಲೇ ಬರುವಂಥದು, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸ್ಪಷ್ಟಪಡಿಸಿತು. ಆದರೆ ನಡುವಿನ ಆ 11 ವರ್ಷಗಳಲ್ಲಿ ಎಷ್ಟೋ ಮನೆಗಳ ವಾಟ್ನಿ ಆಗಿಹೋಗಿತ್ತು. ಕಾನೂನಿನ ಒಂದು ಸಾಲು ಎಂದರೆ ಇಷ್ಟು. ಆ ಸಾಲನ್ನು ಬರೆಯುವ ಜಾಗದಲ್ಲಿ ನಾವು ಇದ್ದೇವೆಯೇ ಎಂಬುದೇ ಇವತ್ತಿನ ನನ್ನ ಪ್ರಶ್ನೆ.

ಲೆಕ್ಕ ಹೇಳುತ್ತೇನೆ, ನೀವೇ ತೂಗಿ ನೋಡಿ. ಕರ್ನಾಟಕ ವಿಧಾನಸಭೆಯಲ್ಲಿ 224 ಸ್ಥಾನ. 2023ರ ಚುನಾವಣೆಯಲ್ಲಿ ಗೆದ್ದ ಹೆಣ್ಣುಮಕ್ಕಳು 10 ಮಂದಿ. ನೂರಕ್ಕೆ ಐದೂ ಆಗಲಿಲ್ಲ. ಸ್ಪರ್ಧಿಸಿದ ಸುಮಾರು 2600 ಅಭ್ಯರ್ಥಿಗಳಲ್ಲಿ ಹೆಂಗಸರು ಇನ್ನೂರೂ ಇರಲಿಲ್ಲ. ಕಾಲ ಮುಂದೆ ಹೋದಂತೆ ಎಲ್ಲವೂ ತಾನಾಗಿ ಸುಧಾರಿಸುತ್ತದೆ ಎಂದು ನಂಬುವವರು ಇನ್ನೊಂದು ಅಂಕಿ ಕೇಳಬೇಕು. 1962ರಲ್ಲಿ, ನಮ್ಮದು ಇನ್ನೂ ಮೈಸೂರು ರಾಜ್ಯವಾಗಿದ್ದಾಗ, 208 ಸ್ಥಾನಗಳ ಸದನಕ್ಕೆ 18 ಮಹಿಳೆಯರು ಆರಿಸಿಬಂದಿದ್ದರು. ಅರವತ್ತು ವರ್ಷಗಳಲ್ಲಿ ನಮ್ಮ ಹೆಣ್ಣುಮಕ್ಕಳು ಶಾಲೆ ಕಲಿತರು, ಕಾಲೇಜು ಕಲಿತರು, ಬ್ಯಾಂಕಿನಲ್ಲಿ ಕುಳಿತರು, ಬಸ್ಸಿನಲ್ಲಿ ಟಿಕೆಟ್ ಹರಿದರು. ಸದನದಲ್ಲಿ ಮಾತ್ರ ಹಿಂದಕ್ಕೆ ಸರಿದೆವು.

ಯೋಗ್ಯತೆ ಇಲ್ಲದ್ದಕ್ಕೆ ಹೀಗಾಯಿತೆಂದು ಯಾರೂ ಹೇಳಲಾರರು. 1926ರಲ್ಲಿ, ಹೆಣ್ಣು ಚುನಾವಣೆಗೆ ನಿಲ್ಲಬಹುದೆಂಬ ಮಾತೇ ಹೊಸದಾಗಿದ್ದಾಗ, ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿ ಬಹು ಕಡಿಮೆ ಮತಗಳ ಅಂತರದಿಂದ ಸೋತರು. ಬಾಲ್ಯದಲ್ಲೇ ವಿಧವೆಯಾಗಿ, ಮರುಮದುವೆಯಾಗಿ, ಊರವರ ಮಾತು ಕೇಳಿಸಿಕೊಂಡೂ ನಿಂತ ಹೆಣ್ಣುಮಗಳು ಅವರು. ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮನವರು 1957ರಲ್ಲಿ ಮೊದಲು ಗೆದ್ದು ಒಟ್ಟು ಏಳು ಸಲ ಆ ಕ್ಷೇತ್ರವನ್ನು ಪ್ರತಿನಿಧಿಸಿದರು, 1972ರಿಂದ 1978ರವರೆಗೆ ವಿಧಾನಸಭೆಯ ಅಧ್ಯಕ್ಷರಾಗಿದ್ದರು. ಗದ್ದಲ ಮಾಡುವ ಗಂಡಸರನ್ನೆಲ್ಲ ಕೂಡಿಸಿ ಸದನ ನಡೆಸುವ ಕೆಲಸ ಅದು. ಆ ಪೀಠದಲ್ಲಿ ಹೆಣ್ಣುಮಗಳೊಬ್ಬಳನ್ನು ಕೂಡಿಸಿದ್ದು ಅದೊಂದೇ ಸಲ. ನಮ್ಮ ಜಿಲ್ಲೆಯ ಅಥಣಿಯಿಂದ ಆರಿಸಿಹೋದ ಲೀಲಾದೇವಿ ಆರ್. ಪ್ರಸಾದರು ಕನ್ನಡ ಮತ್ತು ಸಂಸ್ಕೃತಿ ಖಾತೆಯ ಮಂತ್ರಿಗಳಾಗಿ ಹೆಸರು ಮಾಡಿದರು.

ಈಚಿನ ಮಾತಿಗೆ ಬಂದರೂ ಬೆಳಗಾವಿ ಜಿಲ್ಲೆ ಹಿಂದೆ ಬಿದ್ದಿಲ್ಲ. 2018ರ ಚುನಾವಣೆಯಲ್ಲಿ ರಾಜ್ಯದಲ್ಲಿ ಗೆದ್ದ ಏಳು ಮಹಿಳೆಯರಲ್ಲಿ ಮೂವರು ನಮ್ಮ ಜಿಲ್ಲೆಯವರು: ಬೆಳಗಾವಿ ಗ್ರಾಮೀಣದಿಂದ ಲಕ್ಷ್ಮೀ ಹೆಬ್ಬಾಳಕರ, ಖಾನಾಪುರದಿಂದ ಅಂಜಲಿ ನಿಂಬಾಳಕರ, ನಿಪ್ಪಾಣಿಯಿಂದ ಶಶಿಕಲಾ ಜೊಲ್ಲೆ. ಇವರು ಬೇರೆ ಬೇರೆ ಪಕ್ಷದವರು, ಅವರ ಪಕ್ಷಗಳ ಪರ ಅಥವಾ ವಿರುದ್ಧ ಮಾತಾಡುವುದು ನನ್ನ ಕೆಲಸವಲ್ಲ. ನಾನು ತೋರಿಸಬಯಸುವುದು ಇಷ್ಟೇ. ಹೆಬ್ಬಾಳಕರ ಅವರು 2013ರಲ್ಲಿ ವಿಧಾನಸಭೆಗೆ ಸೋತರು, 2014ರಲ್ಲಿ ಲೋಕಸಭೆಗೆ ಸೋತರು, 2018ರಲ್ಲಿ ಗೆದ್ದರು. ಗಂಡಸು ಎರಡು ಸಲ ಸೋತರೆ "ಇನ್ನೊಮ್ಮೆ ನೋಡೋಣ" ಎನ್ನುತ್ತಾರೆ. ಹೆಣ್ಣು ಒಂದು ಸಲ ಸೋತರೆ "ಮನೀಗೆ ಹೋಗವ್ವಾ" ಎನ್ನುತ್ತಾರೆ. ಆ ಮಾತು ಕಿವಿಯ ಮೇಲೆ ಹಾಕಿಕೊಳ್ಳಬಾರದು. 2023ರಲ್ಲಿ ಹರಪನಹಳ್ಳಿಯಲ್ಲಿ ಲತಾ ಮಲ್ಲಿಕಾರ್ಜುನ ಅವರು ಪಕ್ಷೇತರರಾಗಿಯೇ ಗೆದ್ದು ಬಂದರು. ಅದೇ ವರ್ಷ ನಮ್ಮ ಸುತ್ತಿನ ಗೋಕಾಕ, ಅರಭಾವಿ, ಹುಕ್ಕೇರಿ, ಯಮಕನಮರಡಿ ಈ ನಾಲ್ಕೂ ಕ್ಷೇತ್ರಗಳಲ್ಲಿ ಗೆದ್ದವರು ಗಂಡಸರೇ.

ಸದನದಲ್ಲಿ ಹೆಣ್ಣುಮಕ್ಕಳಿದ್ದರೆ ಏನು ವ್ಯತ್ಯಾಸವಾಗುತ್ತದೆ? 2021ರ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆದಿತ್ತು. ಹಿರಿಯ ಸದಸ್ಯರೊಬ್ಬರು ಮಾತಿನ ಭರದಲ್ಲಿ ಅತ್ಯಾಚಾರವನ್ನು ಚೇಷ್ಟೆಯ ಗಾದೆಯಂತೆ ಬಳಸಿದರು. ಸದನದಲ್ಲಿ ನಗೆ ಎದ್ದಿತು. ಅಂಜಲಿ ನಿಂಬಾಳಕರ, ಸೌಮ್ಯಾ ರೆಡ್ಡಿ ಮುಂತಾದ ಶಾಸಕಿಯರು ಅದನ್ನು ಪ್ರತಿಭಟಿಸಿದರು. ಮಾತಾಡಿದವರು ಅವರದೇ ಪಕ್ಷದ ಹಿರಿಯರು ಎಂಬುದನ್ನು ನೀವು ಗಮನಿಸಬೇಕು. ಮರುದಿನ ಆ ಸದಸ್ಯರು ಸದನದಲ್ಲಿ ಕ್ಷಮೆ ಕೇಳಿದರು. ಬೆರಳೆಣಿಕೆಯ ಹೆಣ್ಣುಮಕ್ಕಳಿಂದ ಇಷ್ಟಾಯಿತು. ಅವರೂ ಇಲ್ಲದಿದ್ದರೆ ಆ ನಗೆಯೇ ಉಳಿಯುತ್ತಿತ್ತು.

ಹಾಗಾದರೆ ನಾವು ಯಾಕೆ ಅಲ್ಲಿಗೆ ಹೋಗುತ್ತಿಲ್ಲ? ದುಡ್ಡಿಲ್ಲ ಎನ್ನುವುದು ಮೊದಲ ಉತ್ತರ, ಅದು ನಿಜ ಕೂಡ. ಪಕ್ಷಗಳು ಟಿಕೆಟ್ ಕೊಡುವುದಿಲ್ಲ, ಅದೂ ನಿಜ. ಕೊಟ್ಟರೆ ಹೆಚ್ಚಾಗಿ ರಾಜಕೀಯದ ಮನೆತನದ ಮಗಳಿಗೆ, ಸೊಸೆಗೆ, ತೀರಿಕೊಂಡ ಶಾಸಕರ ಹೆಂಡತಿಗೆ ಕೊಡುತ್ತಾರೆ. ಹಾಗೆ ಬಂದವರಲ್ಲೂ ಒಳ್ಳೆಯ ಕೆಲಸ ಮಾಡಿದವರಿದ್ದಾರೆ, ನಾನು ಅವರನ್ನು ಹಳಿಯುವುದಿಲ್ಲ. ಆದರೆ ಹಿಂದೆ ಮನೆತನವಿಲ್ಲದ, ಸಂಘದಲ್ಲಿ ಹತ್ತು ವರ್ಷ ದುಡಿದ ಹೆಣ್ಣುಮಗಳ ಹೆಸರು ಪಟ್ಟಿಯಲ್ಲಿ ಯಾಕೆ ಬರುವುದಿಲ್ಲ ಎಂದು ಕೇಳುವುದು ನಮ್ಮ ಹಕ್ಕು.

ಇದೆಲ್ಲಕ್ಕಿಂತ ದೊಡ್ಡ ಅಡ್ಡಿ ಹೊಸ್ತಿಲೊಳಗೇ ಇದೆ. ನಾನು ವರ್ಷಗಟ್ಟಲೆ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸಿದವಳು. ಸಂವಿಧಾನದ ಕಲಮುಗಳನ್ನು ಬಾಯಿಪಾಠ ಒಪ್ಪಿಸುತ್ತಿದ್ದ ಜಾಣ ಹುಡುಗಿಯೊಬ್ಬಳು ಮುಂದೆ ಗ್ರಾಮ ಪಂಚಾಯತಿ ಸದಸ್ಯೆಯಾದಳೆಂದು ಕೇಳಿ ಹಿಗ್ಗಿದ್ದೆ. ಸಭೆಯಲ್ಲಿ ಏನು ಮಾತಾಡಿದೆ ಎಂದು ಕೇಳಿದರೆ, "ಸಭೆಗೆ ನಮ್ಮ ಯಜಮಾನರು ಹೋಗ್ತಾರ್ರೀ ಮೇಡಂ, ನಾ ಬುಕ್ಕಿನಾಗ ಸಹಿ ಅಷ್ಟ ಮಾಡ್ತೀನಿ" ಎಂದಳು. ಓದು ಅವಳನ್ನು ಪಂಚಾಯತಿಯವರೆಗೆ ತಂದಿತು, ಒಳಗೆ ಹೋಗಲು ಬಿಡಲಿಲ್ಲ. ಹೊರಗೆ ಹೋದರೆ ಸಂಶಯ, ತಡವಾಗಿ ಬಂದರೆ ಬೈಗುಳ, ಎದುರು ಮಾತಾಡಿದರೆ ಹೊಡೆತ. ಈ ಮೂರರ ನಡುವೆ ಯಾವ ಹೆಣ್ಣುಮಗಳು ಪ್ರಚಾರಕ್ಕೆ ಹೋಗಬೇಕು? ಮನೆಯ ಹಿಂಸೆ ಎನ್ನುವುದು ಬರೀ ಮೈಮೇಲಿನ ಬಾಸುಂಡೆಯಲ್ಲ. ಅದು ನಮ್ಮನ್ನು ಸಾರ್ವಜನಿಕ ಜೀವನದಿಂದ ಹೊರಗಿಡುವ ಬೇಲಿಯೂ ಹೌದು.

ಪಂಚಾಯತಿಯಲ್ಲಿ ಮಾತ್ರ ಆ ಬೇಲಿಯನ್ನು ಕಾನೂನು ಸ್ವಲ್ಪ ಸರಿಸಿದೆ. ಕರ್ನಾಟಕ 1983ರ ಕಾಯ್ದೆಯಲ್ಲಿ ಮಹಿಳೆಯರಿಗೆ ನೂರಕ್ಕೆ 25 ಸ್ಥಾನ ಇಟ್ಟಿತು, 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಮೂರನೇ ಒಂದು ಭಾಗ, 2010ರಲ್ಲಿ ಅರ್ಧ. ಸಹಿಗಷ್ಟೇ ಸೀಮಿತರಾಗಿ ಒಳಗೆ ಹೋದ ಎಷ್ಟೋ ಹೆಣ್ಣುಮಕ್ಕಳು ಎರಡನೇ ವರ್ಷಕ್ಕೆ ಠರಾವು ಓದಲು ಕಲಿತರು, ಮೂರನೇ ವರ್ಷಕ್ಕೆ ನೀರಿನ ಟ್ಯಾಂಕಿನ ಲೆಕ್ಕ ಕೇಳಿದರು. ಕುರ್ಚಿ ಸಿಕ್ಕರೆ ಕಲಿಯುತ್ತೇವೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ವಿಧಾನಸಭೆಗೆ ನಿಲ್ಲಲು ಕಾನೂನು ಏನು ಕೇಳುತ್ತದೆ ಎಂಬುದನ್ನು ತಿಳಿದುಕೊಳ್ಳೋಣ. ವಯಸ್ಸು 25 ತುಂಬಿರಬೇಕು. ರಾಜ್ಯದ ಯಾವುದಾದರೂ ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಇಂತಿಷ್ಟು ಓದಿರಬೇಕೆಂಬ ನಿಯಮ ಇಲ್ಲ, ಗಂಡನ ಒಪ್ಪಿಗೆ ಪತ್ರ ಬೇಕೆಂಬ ನಿಯಮವಂತೂ ಇಲ್ಲವೇ ಇಲ್ಲ! ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 5,000. ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬಾರದಿದ್ದರೆ ಠೇವಣಿ ಹೋಗುತ್ತದೆ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಕ್ಷೇತ್ರದ ಒಬ್ಬ ಮತದಾರ ಸೂಚಕರಾದರೆ ಸಾಕು, ಪಕ್ಷೇತರರಿಗೆ ಹತ್ತು ಮಂದಿ ಬೇಕು. ನಮ್ಮ ಒಂದೊಂದು ಸಂಘದಲ್ಲಿ ಹತ್ತಕ್ಕಿಂತ ಹೆಚ್ಚು ಜನ ಇದ್ದೇವೆ. ಖರ್ಚಿನ ಮಿತಿಯನ್ನು 2022ರಲ್ಲಿ 40 ಲಕ್ಷ ರೂಪಾಯಿಗೆ ಏರಿಸಲಾಯಿತು. ಅದು ಮೇಲ್ಮಿತಿ, ಅಷ್ಟು ಖರ್ಚು ಮಾಡಲೇಬೇಕೆಂದು ಅಲ್ಲ. ಆದರೂ ದುಡ್ಡಿನ ಹೊಳೆ ಹರಿಯುವ ಚುನಾವಣೆಯಲ್ಲಿ ಕೈ ಖಾಲಿ ಇದ್ದವಳು ನಿಲ್ಲುವುದು ಕಷ್ಟವೆಂಬುದನ್ನು ನಾನು ಮರೆಮಾಚುವುದಿಲ್ಲ. ಸೀರೆ, ಕುಕ್ಕರು, ನೋಟು ತೆಗೆದುಕೊಳ್ಳುವ ಕೈ ನಮ್ಮದೂ ಆಗಿದ್ದರೆ ಆ ಕಷ್ಟವನ್ನು ಹೆಚ್ಚಿಸಿದವರಲ್ಲಿ ನಾವೂ ಸೇರುತ್ತೇವೆ.

ಇನ್ನೊಂದು ಮುಖ್ಯ ವಿಷಯ. ನಾಮಪತ್ರದ ಜೊತೆ ಪ್ರತಿಯೊಬ್ಬ ಅಭ್ಯರ್ಥಿಯೂ ಪ್ರಮಾಣಪತ್ರ ಕೊಡಬೇಕು. ತನ್ನ ಮೇಲಿನ ಕ್ರಿಮಿನಲ್ ಪ್ರಕರಣ, ತನ್ನ ಮತ್ತು ಸಂಗಾತಿಯ ಆಸ್ತಿ, ಸಾಲ, ಓದು ಎಲ್ಲವನ್ನೂ ಅದರಲ್ಲಿ ಬರೆಯಬೇಕು. ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳಿಂದ ಮತದಾರರಿಗೆ ಸಿಕ್ಕ ಹಕ್ಕು ಇದು. ಯಾರು ಬೇಕಾದರೂ ಅದನ್ನು ಓದಬಹುದು. ಹೆಂಡತಿಗೆ ಕಿರುಕುಳ ಕೊಟ್ಟ ಪ್ರಕರಣ ಹಳೆಯ ಕಾನೂನಿನಲ್ಲಿ ಕಲಂ 498ಎ, 2024ರ ಜುಲೈನಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಲಂ 85. ವರದಕ್ಷಿಣೆ ಸಾವು ಮೊದಲು 304ಬಿ, ಈಗ 80. ಈ ಅಂಕಿಗಳನ್ನು ಸಂಘದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡಿ. ಪ್ರಕರಣ ಇದ್ದಮಾತ್ರಕ್ಕೆ ಅಪರಾಧಿ ಎಂದಲ್ಲ. ಆದರೆ ಮತ ಕೇಳಲು ಬಂದವರನ್ನು "ಇದೇನ್ರೀ?" ಎಂದು ಕೇಳುವುದಕ್ಕೆ ಅದು ಸಾಕು.

ಗೆದ್ದ ಮೇಲೆ ಶಾಸಕಿಯ ಕೆಲಸವೇನು? ರಸ್ತೆ ಪೂಜೆ, ಲಗ್ನ, ಜಾತ್ರೆ ಇವಿಷ್ಟೇ ಎಂದು ಜನ ತಿಳಿದಿದ್ದಾರೆ. ನಿಜವಾದ ಅಧಿಕಾರ ಸದನದೊಳಗಿದೆ. ಪ್ರಶ್ನೋತ್ತರ ವೇಳೆಯಲ್ಲಿ ಮಂತ್ರಿಗಳನ್ನು ಪ್ರಶ್ನೆ ಕೇಳಬಹುದು, ಸರ್ಕಾರ ಉತ್ತರ ಕೊಡಲೇಬೇಕು. ಶೂನ್ಯ ವೇಳೆಯಲ್ಲಿ, ಗಮನ ಸೆಳೆಯುವ ಸೂಚನೆಯಲ್ಲಿ ತುರ್ತು ವಿಷಯ ಎತ್ತಬಹುದು. ಬಜೆಟ್ಟಿನಲ್ಲಿ ಯಾವ ಇಲಾಖೆಗೆ ಎಷ್ಟು ಹಣ ಎಂಬುದು ಸದನದ ಒಪ್ಪಿಗೆಯಿಂದಲೇ ಆಗಬೇಕು. ಮಂತ್ರಿಯಲ್ಲದ ಸದಸ್ಯೆಯೂ ಖಾಸಗಿ ವಿಧೇಯಕ ತರಬಹುದು.

ನಮ್ಮ ವಿಷಯಕ್ಕೇ ಬನ್ನಿ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ ಕಾಯ್ದೆ 2005ರದು, ಮಾಡಿದ್ದು ಸಂಸತ್ತು. ಆದರೆ ಅದರ ಸಂರಕ್ಷಣಾಧಿಕಾರಿಗಳನ್ನು ನೇಮಿಸುವುದು ರಾಜ್ಯ ಸರ್ಕಾರ. ಕರ್ನಾಟಕದಲ್ಲಿ ಈ ಹೊಣೆಯನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ವಹಿಸಲಾಯಿತು. ಅಂಗನವಾಡಿಗಳ ಕಾಳಜಿ, ಪೌಷ್ಟಿಕ ಆಹಾರದ ಲೆಕ್ಕ, ಎಲ್ಲವೂ ಹೆಗಲ ಮೇಲಿರುವ ಅದೇ ಅಧಿಕಾರಿಯೇ ಹೊಡೆತ ತಿಂದು ಬಂದವಳ ಅರ್ಜಿಯನ್ನೂ ಬರೆಯಬೇಕು. ಮೊದಲ ವಿಚಾರಣೆಯಿಂದ 60 ದಿನಗಳಲ್ಲಿ ಅರ್ಜಿ ಇತ್ಯರ್ಥ ಮಾಡಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಎಷ್ಟು ಅರ್ಜಿ ಬಂದವು, ಎಷ್ಟು 60 ದಿನಗಳಲ್ಲಿ ಮುಗಿದವು, ಬೇರೆ ಅಧಿಕಾರಿಯನ್ನು ಯಾಕೆ ನೇಮಿಸಬಾರದು? ಈ ಮೂರು ಪ್ರಶ್ನೆಗಳನ್ನು ಸದನದಲ್ಲಿ ಕೇಳಲು ಒಬ್ಬ ಶಾಸಕಿ ಸಾಕು. 2023ರ ಡಿಸೆಂಬರಿನಲ್ಲಿ, ಬೆಳಗಾವಿಯಲ್ಲಿ ಅಧಿವೇಶನ ನಡೆಯುತ್ತಿದ್ದಾಗಲೇ, ಹೊಸ ವಂಟಮುರಿಯಲ್ಲಿ ಮಗ ಹುಡುಗಿಯೊಂದಿಗೆ ಊರು ಬಿಟ್ಟನೆಂದು ತಾಯಿಯನ್ನು ವಿವಸ್ತ್ರಗೊಳಿಸಿ ಕಂಬಕ್ಕೆ ಕಟ್ಟಿ ಹೊಡೆದರು. ಹೈಕೋರ್ಟು ತಾನಾಗಿಯೇ ಆ ಪ್ರಕರಣವನ್ನು ಕೈಗೆತ್ತಿಕೊಂಡಿತು. ಸದನ ಹತ್ತಿರ ಇದ್ದರೆ ಸಾಲದು, ಅದರೊಳಗೆ ನಮ್ಮ ದನಿ ಇರಬೇಕು.

ಶಾಸನಸಭೆಗಳಲ್ಲಿ ಮೂರನೇ ಒಂದು ಭಾಗ ಮಹಿಳೆಯರಿಗೆ ಮೀಸಲಿಡುವ ಮಸೂದೆ ಮೊದಲು ಸಂಸತ್ತಿಗೆ ಬಂದದ್ದು 1996ರ ಸೆಪ್ಟೆಂಬರಿನಲ್ಲಿ, ನಮ್ಮವರೇ ಆದ ದೇವೇಗೌಡರು ಪ್ರಧಾನಿಯಾಗಿದ್ದಾಗ. 2010ರಲ್ಲಿ ರಾಜ್ಯಸಭೆ ಒಪ್ಪಿದರೂ ಲೋಕಸಭೆಯಲ್ಲಿ ನಿಂತುಹೋಯಿತು. ಕೊನೆಗೆ 2023ರ ಸೆಪ್ಟೆಂಬರಿನಲ್ಲಿ 106ನೇ ತಿದ್ದುಪಡಿಯಾಗಿ ಎರಡೂ ಸದನಗಳಲ್ಲಿ ಪಾಸಾಯಿತು. 27 ವರ್ಷ ಹಿಡಿಯಿತು! ಅದರಲ್ಲೂ ಜನಗಣತಿಯಾಗಿ, ಕ್ಷೇತ್ರಗಳ ಮರುವಿಂಗಡಣೆಯಾದ ಮೇಲೆಯೇ ಜಾರಿ ಎಂಬ ಷರತ್ತು ಹಾಕಿದರು. ಈಗಿನ 224ರ ಲೆಕ್ಕದಲ್ಲಿ ಮೂರನೇ ಒಂದು ಎಂದರೆ ಸುಮಾರು 75 ಸ್ಥಾನ. ಆ 75 ಕುರ್ಚಿಗಳಲ್ಲಿ ಯಾರು ಕೂಡುತ್ತಾರೆ? ನಾವು ತಯಾರಾಗದಿದ್ದರೆ 75 ಮಂದಿ ಯಜಮಾನರು ಹಿಂದಿನ ಬಾಗಿಲಿನಿಂದ ಬಂದು ಕೂಡುತ್ತಾರೆ, ಹೆಣ್ಣುಮಕ್ಕಳು ಅಲ್ಲಿಯೂ "ಬುಕ್ಕಿನಾಗ ಸಹಿ" ಮಾಡುತ್ತಾರೆ.

ತಯಾರಿ ನಮ್ಮ ಸಂಘದಲ್ಲೇ ಶುರುವಾಗಿದೆ. ವಾರದ ಸಭೆ, ಹಾಜರಿ, ಠರಾವು, ಉಳಿತಾಯದ ಲೆಕ್ಕ, ಸಾಲ ಯಾರಿಗೆ ಮೊದಲು ಎಂಬ ವಾದ, ಕೊನೆಗೆ ಎಲ್ಲರೂ ಒಪ್ಪುವ ತೀರ್ಮಾನ. ಸದನದಲ್ಲಿ ನಡೆಯುವುದೂ ಇದೇ, ಅಲ್ಲಿ ಮೊತ್ತ ದೊಡ್ಡದು ಅಷ್ಟೇ. ಆದ್ದರಿಂದ ನಾಲ್ಕು ಕೆಲಸ ಹಚ್ಚಿಕೊಳ್ಳೋಣ. ಪಂಚಾಯತಿ, ಪುರಸಭೆಗಳಲ್ಲಿ ಆರಿಸಿಬಂದ ನಮ್ಮ ಸೋದರಿಯರ ಸಂಗಡ ಸಭೆಯ ದಿನ ಇಬ್ಬರು ಮೂವರು ಬಾಗಿಲವರೆಗೆ ಹೋಗಿ, ಅವರೇ ಒಳಗೆ ಹೋಗಿ ಕೂಡುವಂತೆ ನೋಡಿಕೊಳ್ಳೋಣ. ಯಾವ ಪಕ್ಷದವರೇ ಮತ ಕೇಳಲು ಬರಲಿ, "ಎಷ್ಟು ಮಂದಿ ಹೆಣ್ಣುಮಕ್ಕಳಿಗೆ ಟಿಕೆಟ್ ಕೊಟ್ಟೀರಿ?" ಎಂದು ಕೇಳೋಣ. ಮುಂದಿನ ಸಲ ಬೆಳಗಾವಿಯಲ್ಲಿ ಅಧಿವೇಶನ ಸೇರಿದಾಗ ಶಾಸಕರ ಕಡೆಯಿಂದ ಪಾಸು ಪಡೆದು ಹೋಗಿ ಗ್ಯಾಲರಿಯಲ್ಲಿ ಕುಳಿತು ಕಣ್ಣಾರೆ ನೋಡಿ ಬರೋಣ. ಸಂಘದ ಹಣವನ್ನು ಮಾತ್ರ ಯಾರ ಚುನಾವಣೆಗೂ ಮುಟ್ಟಬಾರದು, ಸಂಘವನ್ನು ಯಾವ ಪಕ್ಷದ ಕೈಗೂ ಕೊಡಬಾರದು.

ನಾಲ್ಕನೆಯದು ಎಲ್ಲಕ್ಕಿಂತ ಕಷ್ಟದ್ದು. ನಾಗರಪಂಚಮಿಗೆ ತವರಿಗೆ ಹೋದಾಗ ಅಣ್ಣ ಸೀರೆ ಕುಬಸ ಕೊಟ್ಟು, ಉಡಿ ತುಂಬಿ, "ಇಲ್ಲೊಂದು ಸಹಿ ಮಾಡವ್ವಾ" ಎಂದು ಹಕ್ಕುಬಿಡುಗಡೆ ಪತ್ರ ಮುಂದಿಟ್ಟರೆ, ಓದದೆ ಸಹಿ ಮಾಡಬೇಡಿ. ತವರು ತಪ್ಪಿಹೋದೀತೆಂಬ ಅಂಜಿಕೆ ನನಗೂ ಗೊತ್ತು. ಆ ಪಾಲನ್ನು ಕೊಡಿಸಲು ಒಂದು ವಿಧಾನಸಭೆ, ಒಂದು ಸಂಸತ್ತು, ಒಂದು ಸುಪ್ರೀಂ ಕೋರ್ಟು ಬೇಕಾಯಿತು. ಅದನ್ನು ಬಿಡುವುದಿದ್ದರೆ ತಿಳಿದು ಬಿಡಿ, ಬಿಡದಿದ್ದರೆ ತಲೆಯೆತ್ತಿ ಹೇಳಿ. ಸ್ವಂತ ಸಹಿಯ ಬೆಲೆ ತಿಳಿದ ಹೆಣ್ಣುಮಗಳು ನಾಳೆ ನಾಮಪತ್ರದ ಮೇಲೆ ಸಹಿ ಮಾಡಲು ಅಂಜುವುದಿಲ್ಲ.